ಸ್ಪೇರ್ ಬಸ್ಸು

ನಲವತ್ತು ದಿನ ಉಳಿದಿದ್ದಾಗ ಒಂದು ಪಟ್ಟಿ ಬರೆದೆ.
ಹಸಿರು ಶಾಯಿಯಲ್ಲಿ ಜೀವಶಾಸ್ತ್ರ, ನೀಲಿಯಲ್ಲಿ ಭೌತ,
ರಸಾಯನಕ್ಕೆ ಮನೆಯಲ್ಲಿದ್ದ ಒಂದೇ ಕೆಂಪು ಪೆನ್ನು.
ಬೆಳಗಿನ ನಾಲ್ಕರಿಂದ ರಾತ್ರಿ ಹನ್ನೆರಡರ ತನಕ
ಒಂದು ನಿಮಿಷವೂ ಸೋರದ ಹಾಗೆ.
ಮೂರನೇ ದಿನಕ್ಕೇ ನಾನು ಎರಡು ದಿನ ಹಿಂದೆ ಬಿದ್ದಿದ್ದೆ.

ಅಪ್ಪ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರು.
ಗಾಜಿನ ಗೂಡು, ಕೊರಳಿಗೆ ಸೀಟಿ, ಎದುರಿಗೆ ಉದ್ದನೆಯ ರಿಜಿಸ್ಟರು.
ಎಷ್ಟಕ್ಕೆ ಹೊರಡಬೇಕಿತ್ತು, ಎಷ್ಟಕ್ಕೆ ಹೊರಟಿತು,
ಈ ಎರಡು ಕಾಲಮ್ಮಿನ ನಡುವೆ ಇಪ್ಪತ್ತೆರಡು ವರ್ಷ ಬದುಕಿದವನು.
ಮುದ್ದೆ ಮುರಿಯುತ್ತ ನನ್ನ ಪಟ್ಟಿಯನ್ನು ಎಡಗೈಲಿ ಹಿಡಿದು
ದೂರ ಮಾಡಿದ, ಹತ್ತಿರ ಮಾಡಿದ.
"ಇದ ಬರೆದೋರು ಯಾವತ್ತೂ ಬಸ್ಸು ಬುಟ್ಟಿಲ್ಲ ಕಣವ್ವ."

ಕೈ ತೊಳೆದು ಬಂದು
ಹಳೇ ಟ್ರಿಪ್ ಶೀಟಿನ ಬೆನ್ನಿಗೆ ಗೆರೆ ಎಳೆದ.
ಯಾವ ಪಾಠಕ್ಕೆ ಎಷ್ಟು ಜನ ಹತ್ತುತಾರೆ, ಅಂದ.
ಅಂದರೆ, ಎಷ್ಟು ಪ್ರಶ್ನೆ.
ಅನುವಂಶೀಯತೆ ಮೈಸೂರು ಲೈನು, ದಿನಕ್ಕೆರಡು ಟ್ರಿಪ್ಪು.
ಸಸ್ಯಗಳ ವರ್ಗೀಕರಣ ಶಟಲ್ಲು,
ಬೂದನೂರಿನಲ್ಲಿ ಒಂದೇ ಒಂದು ಕೈ ಎತ್ತಿದರೂ ನಿಲ್ಲಬೇಕು.
ತಿರುಗುವ ಚಕ್ರಗಳ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ.
"ಅದು ಬಸರಾಳಿನ ರಾತ್ರಿ ಬಸ್ಸು. ನಾಕೇ ಜನ.
ನಿಲ್ಲಿಸಂಗಿಲ್ಲ. ಹೊಸ ಗಾಡಿನೂ ಕೊಡಂಗಿಲ್ಲ."
ಅಣಕು ಪರೀಕ್ಷೆ ಮಾತ್ರ ಮಧ್ಯಾಹ್ನ ಎರಡಕ್ಕೇ ಬರೆಯಬೇಕು,
ಬಿಸಿಲಲ್ಲಿ ಎಂಜಿನ್ನು ಹೆಂಗೆ ಕಾಯುತ್ತೆ ನೋಡಾನ.

ಸಂಜೆ ಏಳರಿಂದ ಎಂಟು, ಪ್ರತಿದಿನ, ಖಾಲಿ ಬಿಟ್ಟ.
ಇದೇನಪ್ಪ?
"ಸ್ಪೇರ್ ಬಸ್ಸು."

ತಿಂಗಳ ಹೊಟ್ಟೆನೋವು ಎರಡು ದಿನ ತಿಂದಿತು.
ಚಿಕ್ಕವ್ವನ ಮಗಳ ಬೀಗರೂಟ ಅರ್ಧ ದಿನ.
ಸತ್ತ ಪಾಠಗಳನ್ನೆಲ್ಲ ಏಳು ಗಂಟೆಯ ಸಾಲು ಹೊತ್ತುಕೊಂಡು ಹೋಯಿತು.
ಮೂವತ್ತೆಂಟು ತಪ್ಪಿದ ಭಾನುವಾರದ ತನಕ.
ತಪ್ಪಿಗೊಂದು ಕಳೆ, ಕಳೆ, ಕಳೆ.
ಕಳೆದ ವರ್ಷದ ಅಂಕಕ್ಕಿಂತ ಹನ್ನೆರಡು ಮಾತ್ರ ಮೇಲೆ.

ಮಾರನೇ ದಿನ ಬುತ್ತಿ ಕೊಡಲು ಹೋದೆ.
ನಾಗಮಂಗಲದಿಂದ ಬಂದ ಬಸ್ಸು ಹೊಗೆ ಉಗುಳಿ ನಿಂತಿತ್ತು,
ಮೈಸೂರಿಗೆ ಹೊರಟಿದ್ದ ಜನ ಗಾಜು ಬಡಿಯುತ್ತಿದ್ದರು.
"ಸ್ಪೇರ್ ಎಲ್ರೀ?" ಯಾರೋ ಕಿರುಚಿದರು.
ಸ್ಪೇರು ಯಾವುದೋ ಸಮಾವೇಶಕ್ಕೆ ಹೋಗಿತ್ತು.
ಅಪ್ಪ ತಲೆಯೆತ್ತದೆ ಬರೆದ: ೧೧.೪೦, ಹೊರಡಲಿಲ್ಲ.
ಆಮೇಲೆ ಎದ್ದು ಸೀಟಿ ಊದಿದ, ಮಳವಳ್ಳಿಗೆ ತಿರುಗುತ್ತಿದ್ದ ಬಸ್ಸಲ್ಲ,
ಅದರ ಹಿಂದಿನದನ್ನು ನಿಲ್ಲಿಸಿ
ಮುದುಕಿಯೊಬ್ಬಳನ್ನು ಡ್ರೈವರ್ ಪಕ್ಕ ಕೂರಿಸಿದ.
ದೊಡ್ಡಾಸ್ಪತ್ರೆಗಂತೆ. ಕಂಕುಳಲ್ಲಿ ಎಕ್ಸ್‌ರೇ.
ಬಿಸಿಲಿಗೆ ಅಡ್ಡ ಬಂದಾಗ ಕಂಡಿತು,
ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆಯ ಮೂಳೆ, ಬಿರುಕು.
ಆ ಪಾಠಕ್ಕೆ ನಾನಿನ್ನೂ ಟಿಕ್ ಹಾಕಿರಲಿಲ್ಲ.

"ಸ್ಪೇರ್ ಐತೆ ಅಂತ ಬರೆದಿರ್ತೀವಿ," ಅಂದ ಅಪ್ಪ, ಡಬ್ಬಿ ಬಿಚ್ಚುತ್ತ.
"ಒಂದೊಂದ್ ಸಲ ಇರಾಕಿಲ್ಲ."

ಈಗ ಆರು ದಿನ.
ಓಡದೆ ಉಳಿದ ಟ್ರಿಪ್ಪು ಹದಿನಾರು.
ಒಂದೊಂದರ ಮುಂದೂ ಅಪ್ಪ ರದ್ದು ಎಂದು ಬರೆಯುತ್ತಾನೆ,
ಕೆಂಪಲ್ಲ, ಪೆನ್ಸಿಲು.
ಭಾನುವಾರದ ಮನೆಯಲ್ಲಿ: ಏಳೂವರೆ ಬಸ್ಸು.
ತಪ್ಪಿದರೆ ಏಳೂ ಐವತ್ತು. ಅದೂ ತಪ್ಪಿದರೆ ರೈಲು.
ಓಲೆ ಬಿಚ್ಚಿಡು. ಅರ್ಧ ತೋಳಿನ ಅಂಗಿ.

ಏಳು ಗಂಟೆ. ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದೇನೆ.
ಅವ್ವ ಈಳಿಗೆಮಣೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದಾಳೆ.
ಪ್ರತಿ ವರ್ಷ ಒಂದೇ ಜಾಡಿ.
ಈ ಸಲ ಎರಡು ತೊಳೆದು ಬೋರಲು ಹಾಕಿದ್ದಾಳೆ,
ಎರಡನೆಯದು ಚಿಕ್ಕದು, ಬಿಗಿ ಮುಚ್ಚಳದ್ದು,
ಹಾಸ್ಟೆಲ್ಲಿನ ಕಿಟಕಿಗೆ ಹಿಡಿಸುವಂಥದ್ದು.
ಯಾರಿಗೆಂದು ನಾನು ಕೇಳಲಿಲ್ಲ.
ಉಪ್ಪು ಕೊಡೇ, ಅಂದಳು. ಕೊಟ್ಟೆ.