ಅಳಿಸುವ ಕೆಲಸ

ಕೋರ್ಟಿನ ನೆಲಮಾಳಿಗೆಯಲ್ಲಿ ನನ್ನ ಮೇಜು.
ಮೇಲೆ ನ್ಯಾಯಾಧೀಶರ ಬೂಟು ನಡೆದರೆ
ಇಲ್ಲಿ ನನ್ನ ಟ್ಯೂಬ್‌ಲೈಟು ಮಿಟುಕುತ್ತದೆ.
ಪೆನ್ಸಿಲ್ವೇನಿಯಾ, ಕಲ್ಲಿದ್ದಲು ಮುಗಿದ ಊರು.
ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ:
ಹೆಸರು ಅಳಿಸುವುದು.
ಹಣೆಬರಹ ಅಳಿಸಲಾಗದು ಅನ್ನುವವರು
ಬಂದು ನನ್ನ ಸಂಬಳದ ಚೀಟಿ ನೋಡಲಿ.

ಮೊದಲ ಸಲ ಕುಡಿದು ಗಾಡಿ ಓಡಿಸಿದವರು,
ಯಾರಿಗೂ ಗಾಯವಾಗದ ಪುಣ್ಯ ಇದ್ದವರು,
ದುಡ್ಡು ಕಟ್ಟಿ, ತರಗತಿ ಕೂತು, ರಸ್ತೆಬದಿಯ ಕಸ ಹೆಕ್ಕಿ
ವರ್ಷ ತುಂಬಿಸಿದರೆ
ಅವರ ಕಡತ ಮೆಟ್ಟಿಲಿಳಿದು ನನ್ನ ಬಳಿ ಬರುತ್ತದೆ.
ಶಿಕ್ಷೆಯಿಲ್ಲ, ತೀರ್ಪಿಲ್ಲ.
ಠಸ್ಸೆ ಒತ್ತಿ ಯಂತ್ರದ ಬಾಯಿಗೆ ಕೊಡುತ್ತೇನೆ.
ಶ್ಯಾವಿಗೆಯ ಹಾಗೆ ಹೊರಬೀಳುತ್ತದೆ
ಒಂದು ರಾತ್ರಿ.

ಕೊಡುವ ಮೊದಲು ಓದುತ್ತೇನೆ.
ಓದಬಾರದು.
ಓದುತ್ತೇನೆ.

ಇವತ್ತಿನದು ಡ್ವೇನ್ ಕ್ರೈನಿಕ್. ಮೂವತ್ನಾಲ್ಕು. ಛಾವಣಿ ಕೆಲಸ.
ಅಣ್ಣನ ಮಗಳ ಮದುವೆ, ಅಗ್ನಿಶಾಮಕರ ಹಾಲಿನಲ್ಲಿ.
ಮನೆಗೆ ಒಂದೂವರೆ ಮೈಲಿ ಅಷ್ಟೇ.
ಮುರಿದದ್ದು: ಅಂಚೆಪೆಟ್ಟಿಗೆ, ಒಂದು.
ಪೆಟ್ಟಿಗೆಯ ಒಡತಿ ಯಡ್ವಿಗಾ ಪೊಲಾಂಕೊ, ಎಂಬತ್ತೊಂದು,
ಹೇಳಿಕೆಯಲ್ಲಿ ಬರೆಸಿದ್ದು ಎರಡೇ ಸಾಲು:
ದಿನಾ ಸಂಜೆ ಏಳಕ್ಕೆ ನಾನು ಅಲ್ಲಿ ನಿಂತಿರುತ್ತೇನೆ.
ಅವನು ಬಂದದ್ದು ಹನ್ನೊಂದಕ್ಕೆ.

ನಾಲ್ಕು ಗಂಟೆ.
ಅಷ್ಟಗಲದ ಹಲಗೆಯ ಮೇಲೆ ದಾಟಿ ಬಂದಿದ್ದಾನೆ
ನನ್ನ ಮೇಜಿನವರೆಗೆ.

ಅವನ ಗಾಡಿಗೆ ಒಂದು ಊದುಗೊಳವೆ ಕಟ್ಟಿದ್ದರು.
ಉಸಿರು ತಿಳಿಯಿದ್ದರೆ ಮಾತ್ರ ಇಂಜಿನ್ನು ಹೊತ್ತಿಕೊಳ್ಳುತ್ತದೆ,
ಹಸಿ ಸೌದೆಯ ಒಲೆಯ ಹಾಗೆ
ಕೆಲವು ಬೆಳಗ್ಗೆ ಎರಡೆರಡು ಸಲ ಊದಬೇಕು.
ಪಾಠ ಮಾಡುವ ಒಡೆಸಾ ಪ್ರೂಯಿಟ್
ಪೆನ್ಸಿಲ್ಲಿನಲ್ಲಿ ಟಿಪ್ಪಣಿ ಇಟ್ಟಿದ್ದಾಳೆ:
'ಶಾಲೆಯಲ್ಲಿ ಇವನ ಮಗಳು ಎಲ್ಲರೆದುರು ಹೇಳಿದಳಂತೆ,
ನಮ್ಮಪ್ಪ ದಿನಾ ಬೆಳಗ್ಗೆ ಗಾಡಿಗೆ ಮುತ್ತು ಕೊಡ್ತಾನೆ ಅಂತ.
ಇದನ್ನು ಹೇಳಿ ಎದ್ದು ಹೊರಗೆ ಹೋದ. ಐದು ನಿಮಿಷ.
ಹಾಜರಿಯಲ್ಲಿ ಕಳೆದಿಲ್ಲ.'

ಅದೂ ಶ್ಯಾವಿಗೆಯಾಯಿತು.
ಪೂರ್ತಿ ಅಲ್ಲ ಬಿಡಿ. ಹತ್ತು ವರ್ಷ
ಇನ್ನೊಂದು ಕಚೇರಿಯ ಇನ್ನೊಂದು ಪಟ್ಟಿಯಲ್ಲಿ
ಹೆಸರು ಬಾಗಿಲು ಕಾಯುತ್ತಿರುತ್ತದೆ,
ಇವನು ಮತ್ತೆ ಬಂದಾನೆಯೇ ಎಂದು.

ಮೂರನೇ ಗೋಡೆಯ ಕಪಾಟು, ಕೆಳಗಿನ ಖಾನೆ:
ಅಲ್ಲಿ ನನ್ನ ತಮ್ಮ ಎಮಿಲ್ ಇದ್ದಾನೆ.
ಅವನಿಗೂ ಈ ದಾರಿ ತೋರಿಸಿದ್ದರು.
ಸೇರಲು ಕಟ್ಟಬೇಕಾದ ದುಡ್ಡು ಅವನಲ್ಲಿರಲಿಲ್ಲ,
ಅಕ್ಕನನ್ನು ಕೇಳಲು ನಾಲಿಗೆ ಏಳಲಿಲ್ಲ.
ತಪ್ಪೊಪ್ಪಿಕೊಂಡ. ಅದು ಅಗ್ಗವಾಗಿ ಕಂಡಿತ್ತು.
ಮುರಿದದ್ದು: ಏನೂ ಇಲ್ಲ
ಎಂದು ಅವನ ಕಡತದಲ್ಲಿದೆ.
ಆಮೇಲೆ ಶಾಲಾ ಬಸ್ಸಿನ ಕೆಲಸ ಹೋದದ್ದು,
ಬೆಕ್ಕಿ ಮಕ್ಕಳನ್ನು ಕರಕೊಂಡು ಒಹಾಯೋಗೆ ಹೋದದ್ದು
ಅದರಲ್ಲಿಲ್ಲ.
ಹದಿನಾರು ವರ್ಷದಿಂದ ಒಂದು ಹನಿ ಮುಟ್ಟದ್ದೂ.
ಇವತ್ತಿಗೂ ಪ್ರತಿ ಅರ್ಜಿಯಲ್ಲಿ
'ಹೌದು' ಎಂಬ ಚೌಕಕ್ಕೆ ಗೆರೆ ಎಳೆಯುತ್ತಾನೆ,
ಎಳೆದು ಮತ್ತೊಮ್ಮೆ ಎಳೆಯುತ್ತಾನೆ.

ಕಪಾಟಿನಿಂದ ಯಂತ್ರಕ್ಕೆ ಹತ್ತೇ ಹೆಜ್ಜೆ.
ಎಣಿಸಿದ್ದೇನೆ. ನಡೆದಿಲ್ಲ.

ಸಂಜೆ, ಬೇಕಂತಲೇ, ಪೊಲಾಂಕೊ ಮನೆಯ ರಸ್ತೆ ಹಿಡಿದೆ.
ಏಳು ಗಂಟೆ. ನಿಂತಿದ್ದಳು.
ಪೆಟ್ಟಿಗೆ ಹೊಸದು; ಮೇಲೊಂದು ಪುಟ್ಟ ಮಾಡು,
ತಾಮ್ರದ ತಗಡು, ಅಂಚು ನೀಟಾಗಿ ಮಡಿಸಿದ್ದು,
ಛಾವಣಿ ಬಲ್ಲವನ ಕೈ.
ಕಡತದಲ್ಲಿ ಇದು ಇರಲಿಲ್ಲ.
ವೇಗ ಇಳಿಸಿದೆ. ಯಾರೆಂದು ತಿಳಿಯದೆ
ಕೈ ಎತ್ತಿದಳು.

ಎಮಿಲ್ ಬಾಗಿಲು ತೆರೆದು ಸಾಮಾನಿನ ಚೀಲ ತೆಗೆದುಕೊಂಡ.
ಪ್ರತಿ ಶುಕ್ರವಾರದ ಹಾಗೆ ಕೇಳಿದ:
'ಈ ವಾರ ಎಷ್ಟು ಮಂದಿ?'
'ಹನ್ನೊಂದು.'
'ಒಳ್ಳೇದಾಯ್ತು' ಅಂದ.
ಆಲೂಗಡ್ಡೆಯ ಮಣ್ಣು ತೊಳೆಯುತ್ತಾ, ನಲ್ಲಿ ನಿಲ್ಲಿಸಿ,
ಇನ್ನೊಮ್ಮೆ ಅಂದ.