ಒಂದು ಸಾಲು ಹೆಚ್ಚು

ಮುದಗಲ್ಲಿನಲ್ಲಿ ನಾವು ದೇವರಿಗೆ ನೀವು ಅನ್ನುತ್ತಿದ್ದೆವು.
ರಾಯಚೂರಿಗೆ ಬಂದ ಮೊದಲ ಭಾನುವಾರ
ಮೆಥಡಿಸ್ಟ್ ಗುಡಿಯಲ್ಲಿ ಎಲ್ಲರೂ ಒಟ್ಟಿಗೆ
ನೀನು ಅಂದರು.
ಬಿಸಿ ಚಹಾ ಕುಡಿದ ನಾಲಗೆಯ ಹಾಗೆ ಸುಮ್ಮನಾದೆ.
ಮಾವನ ಎದುರಿಗೆ ಏಕವಚನ ಆಡಿದಂತೆ.

ನೆಹೆಮೀಯ ಮೊಣಕೈಯಿಂದ ತಿವಿದ.
ಅವನಿಗೇನು,
ಹುಟ್ಟಿದಾಗಿನಿಂದ ದೇವರ ಹೆಗಲ ಮೇಲೆ
ಕೈ ಹಾಕಿಕೊಂಡೇ ಬೆಳೆದವನು.

ನನ್ನ ಬಲಗೈಗೆ ಬುದ್ಧಿ ಹೇಳುವುದು ಇನ್ನೂ ಕಷ್ಟ.
ತಾನೇ ಏರಿಬಿಡುತ್ತಿತ್ತು ಹಣೆಯ ತನಕ.
ಅಲ್ಲಿಂದ ಎದೆಗೆ ಇಳಿಯಲಾಗದೆ
ಕೂದಲು ತೀಡಿ, ಸೆರಗು ಸರಿಮಾಡಿ,
ಒಮ್ಮೊಮ್ಮೆ ಇಲ್ಲದ ನೊಣ ಓಡಿಸಿ
ಕೆಳಗೆ ಬರುತ್ತಿತ್ತು.
ಅತ್ತೆ ದೀನವ್ವ,
ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು,
ಹೆರಿಗೆ ಸಾವು ಎರಡೂ ಕಂಡ ಕಣ್ಣು.
"ನೊಣ ಭಾಳ ಏನು ನಿಮ್ಮೂರಾಗ?" ಅಂದಳು ಒಂದಿನ.
ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ನನ್ನ ಕಡೆ.
ನಕ್ಕಳೋ ಇಲ್ಲವೋ.

ಆಮೇಲೆ ಆ ಸಾಲು.
ನಮ್ಮ ಮನೆಯ ಜಪದಲ್ಲಿ
ಕೇಡಿನಿಂದ ಕಾಯಿರಿ ಅಂದರೆ ಅಲ್ಲಿಗೇ ಆಮೆನ್.
ಇಲ್ಲಿ ಇನ್ನೂ ಒಂದು ಸಾಲು ಇದೆ.
(ನಮ್ಮ ಪೂಜೆಯಲ್ಲೂ ಬರುತ್ತದೆ ಅದು,
ಸ್ವಾಮಿಗಳು ನಡುವೆ ಒಂದು ಮಾತು ಆಡಿದ ಮೇಲೆ.
ಆದರೆ ಅದು ಪೂಜೆ, ಇದು ಬಾಯಿ.)
ಹನ್ನೆರಡು ವರ್ಷ, ಪ್ರತಿ ಭಾನುವಾರ,
ಒಂದು ಸ್ಟಾಪು ಮೊದಲೇ ಇಳಿದವಳ ಹಾಗೆ ನಿಂತಿರುತ್ತಿದ್ದೆ.
ಇವರನ್ನೆಲ್ಲ ಹತ್ತಿಸಿಕೊಂಡು ಬಸ್ಸು
ಮುಂದೆ ಹೋಗುತ್ತಿತ್ತು.

ಸ್ಟೇಷನ್ ಕಡೆಯ ಹೊಸ ಸಭೆಯ ಹೆಂಗಸರು
ಮನೆಗೆ ಬಂದು ಕೇಳಿದರು:
"ಅಕ್ಕಾ, ನೀವು ನೀರಾಗ ಮುಳುಗೀರೇನು?"
ಕೂಸಿದ್ದಾಗ ಹಣೆ ಮೇಲೆ ಬಿದ್ದದ್ದು
ಇನ್ನೂ ಆರಿಲ್ಲ ತಾಯಿ, ಅಂದೆ.
ದೀನವ್ವ ಒಳಗಿನಿಂದ ಕೆಮ್ಮಿದಳು.

ಅವ್ವ ಸತ್ತ ಏಳನೇ ದಿನ ಮುದಗಲ್ಲು.
ಕೋಟೆಯ ಕಂದಕದಲ್ಲಿ ಅದೇ ಹಸಿರು ನೀರು.
ಮಗ್ಗ ಬಿಚ್ಚಿದ ಕುಣಿಯ ಮೇಲೆ ಹಲಗೆ,
ಹಲಗೆ ಮೇಲೆ ಜಮಖಾನೆ,
ಗೋಡೆಗೆ ಒರಗಿ ಅಪ್ಪ ಇನ್ನಾಸಪ್ಪ,
ಕಾಲು ಇನ್ನೂ ಕುಣಿಯೊಳಗೆ ಇದ್ದವನಂತೆ ಮಡಚಿಕೊಂಡು.
ಪಕ್ಕದ ಮನೆಯ ಖಾಜಾಬಿ ಕಳಿಸಿದ ಚಹಾ ಕಿಟ್ಲಿ.
ಜಪಸರ ಹಿಡಿದು ಅನ್ನಮ್ಮಜ್ಜಿ ಶುರು ಮಾಡಿದಳು.

ಇವತ್ತು ಕೈಯನ್ನು ಕಾಯುವುದು ಬೇಡ, ಅಂದುಕೊಂಡೆ.
ಹಣೆ, ಎದೆ, ಎಡ ಹೆಗಲು, ಬಲ ಹೆಗಲು.
ನೀವು, ನಿಮ್ಮ, ನಿಮಗೆ.
ಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಿತ್ತು.

ಕೇಡಿನಿಂದ ಕಾಯಿರಿ.
ಎಲ್ಲರ ಉಸಿರೂ ನಮೋ ಮರಿಯಾ ಕಡೆಗೆ ಹೊರಳಿತು.
ನನ್ನ ದನಿಯೊಂದೇ ನೆಟ್ಟಗೆ ಹೋಯಿತು,
ಆ ಸಾಲು ಹಿಡಿದು,
ರಾಯಚೂರಿನಲ್ಲಿ ಒಮ್ಮೆಯೂ ಆಡದ ಸಾಲು,
ಗಟ್ಟಿಯಾಗಿ, ನೀನು ಅನ್ನುತ್ತ,
ಅವ್ವನ ಪಟದ ಮುಂದೆ.

ಬರೀ ಕೇಳುತ್ತಿದ್ದ ಕಿವಿ
ಯಾವಾಗ ಕಲಿಸಿತ್ತು ನಾಲಗೆಗೆ?

ನಡುವೆಯೇ ನಿಂತೆ.
ತಮ್ಮನ ಹೆಂಡತಿ ನನ್ನ ಮುಖ ನೋಡಿದಳು,
ಅಪ್ಪ ಕುಣಿಯ ಹಲಗೆ ನೋಡಿದ.
ಅನ್ನಮ್ಮಜ್ಜಿಯ ಹೆಬ್ಬೆರಳು ಮಣಿಯ ಮೇಲೆ ಹಾಗೇ ಇತ್ತು,
ದಾಟಿರಲಿಲ್ಲ.
"ಮುಗಸು ಯವ್ವಾ. ದೇವರ ಮಾತು
ಅರ್ಧಕ್ಕ ಬಿಡಬಾರದು."
ಮುಗಿಸಿದೆ.
ಆಮೇಲೆ ನಮೋ.

ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.
ಹೊರಡುವಾಗ ಅಪ್ಪ ಡಬ್ಬಿ ಕೊಟ್ಟ,
"ಸೇಂಗಾ ಹಿಂಡಿ. ದೀನವ್ವಗ ಸೇರತದ."

ರಾತ್ರಿ ಬಸ್ಸಿನಲ್ಲಿ ಹೆಪ್ಸಿ ತೊಡೆಯ ಮೇಲೆ ಮಲಗಿ ಕೇಳಿದಳು:
"ಅಮ್ಮಮ್ಮಗ ನೀ ಅಂತಿದ್ದೆವು.
ದೇವರು ಅಮ್ಮಮ್ಮಗಿಂತ ದೂರದವರಾ?"
ಉತ್ತರ ಹುಡುಕುವುದರೊಳಗೆ ನಿದ್ದೆ ಹೋದಳು.

ಲಿಂಗಸುಗೂರು ದಾಟಿತ್ತು.
ಕತ್ತಲಲ್ಲಿ ಮನಸ್ಸಿನಲ್ಲೇ ಶುರು ಮಾಡಿದೆ,
ಒಮ್ಮೆ ನೀವು, ಒಮ್ಮೆ ನೀನು, ಬಂದಂತೆ.
ಕೇಡಿನಿಂದ ಅನ್ನುವಷ್ಟರಲ್ಲಿ
ಬಸ್ಸು ಗುಂಡಿಗೆ ಇಳಿದು ಎದ್ದಿತು,
ಡಬ್ಬಿ ಉರುಳಿತು, ಬಗ್ಗಿ ಹಿಡಿದೆ.
ಎಲ್ಲಿಗೆ ಬಿಟ್ಟಿದ್ದೆನೋ ಮರೆತುಹೋಯಿತು.

ಮತ್ತೆ ಮೊದಲಿನಿಂದ.