ಮಾಳಿಗೆಯ ದೋಣಿ

ನಮ್ಮೂರ ದೋಣಿಗೆ ಹುಟ್ಟಿಲ್ಲ, ಹೊಳೆಯಿಲ್ಲ.
ಮಾಳಿಗೆಯ ಅಂಚಿನಲ್ಲಿ ನಾಲಿಗೆ ಚಾಚಿ
ಬೀದಿಗೆ ಮುಖ ಮಾಡಿ ಕೂತಿರುತ್ತದೆ.
ನೀರೇ ಬರಬೇಕು, ನೀರೇ ದಾಟಬೇಕು.

ಕೃತ್ತಿಕೆ ಮುಗಿಯುತ್ತ ಬಂತು, ರೋಹಿಣಿಗೆ ಮೂರು ದಿನ.
ಮುದಗಲ್ಲಿನ ಬಿಸಿಲು
ಏಣಿಯ ಒಂದು ಮೆಟ್ಟಿಲನ್ನೂ ಬಿಡದೆ ಕಾಸಿಟ್ಟಿದೆ.
ಕಚ್ಚೆ ಬಿಗಿದು, ಕೈಯಲ್ಲೊಂದು ಕುರ್ಪಿ ಹಿಡಿದು
ಏರುತ್ತೇನೆ.

ದೋಣಿಯ ಬಾಯಿಗೆ ಕೈ ಹಾಕಿದರೆ
ಬೇವಿನ ಒಣ ಎಲೆ, ಬುಟ್ಟಿಯಷ್ಟು;
ಪಾರಿವಾಳದ ಪುಕ್ಕ, ಮಾಂಜಾ ದಾರದ ಗಂಟು,
ಯಾರೋ ಎಸೆದ ಗುಟ್ಕಾ ಚೀಟಿ,
ಕಳೆದುಹೋಯಿತೆಂದು ಮೊಮ್ಮಗಳು
ಅತ್ತು ಅತ್ತು ಮಲಗಿದ ಪ್ಲಾಸ್ಟಿಕ್ ಚಮಚೆ.
ಇದೆಲ್ಲವನ್ನೂ ಅಪ್ಪಿ ಕೂತ ಮಣ್ಣು—
ನನ್ನದೇ ಮಾಳಿಗೆಯದು,
ದುಡ್ಡು ಕೊಟ್ಟು ತರಿಸಿ ಹರಡಿಸಿದ್ದು,
ಕಳ್ಳನ ಹಾಗೆ ಹಿಡಿ ಹಿಡಿಯಾಗಿ ಇಳಿದು ಬಂದದ್ದು.

ಮೊದಲು ನಾನು ಏರುತ್ತಿರಲಿಲ್ಲ.
ಪೀರಸಾಬ ಬರುತ್ತಿದ್ದ, ಹಳ್ಳದ ಸವಳು ಹೇರಿಕೊಂಡು,
ಆಗ ಕತ್ತೆಯ ಮೇಲೆ, ಆಮೇಲೆ ಟಂಟಂನಲ್ಲಿ.
ದಿಮ್ಮಸು ಬಡಿಯುತ್ತ ಹೇಳುತ್ತಿದ್ದ:
"ಯವ್ವಾ, ಮಾಳಿಗಿ ಸೋರೂದು ಬಿದ್ದ ಮಳಿಗಲ್ಲ,
ನಿಂತ ನೀರಿಗೆ. ದೋಣಿ ನೋಡ್ಕೊ."
ನಾನು ಚಾ ಕೊಟ್ಟು ಹ್ಞೂ ಅನ್ನುತ್ತಿದ್ದೆ.
ಹ್ಞೂ ಅನ್ನುವುದಕ್ಕೆ ಖರ್ಚೇನು.

ಹೋದ ವರ್ಷ, ಯುಗಾದಿ ಕಳೆದು ಎಂಟನೆಯ ದಿನ,
ಮಧ್ಯಾಹ್ನ ಮೂರಕ್ಕೆ ಆಕಾಶ ಬದನೆಕಾಯಿ ಬಣ್ಣವಾಯಿತು.
ಮೊದಲೊಂದು ಕಲ್ಲು ತಗಡಿನ ಮೇಲೆ—ಠಣ್.
ಆಮೇಲೆ ಎಣಿಸಲಿಲ್ಲ.
ಕಡಲೆಯಷ್ಟು, ಬಾರೆಹಣ್ಣಿನಷ್ಟು, ನಿಂಬೆಯಷ್ಟು ಆಲಿಕಲ್ಲು.
ಬೀದಿಯಲ್ಲಿ ಹುಡುಗರು ಸಕ್ಕರೆ ಹಾಕಿ ಮೆಲ್ಲುತ್ತಿದ್ದಾಗ
ಮಾಳಿಗೆಯ ಮೇಲೆ ಅವು ದೋಣಿಯ ಬಾಯಿಗೆ ಬಂದು
ರೇಷನ್ ಅಂಗಡಿಯ ಬಾಗಿಲಲ್ಲಿ ನಿಂತಂತೆ ನಿಂತವು.
ಒಂದೂ ಹೊರಗೆ ಹೋಗಲಿಲ್ಲ.
ಅವನ್ನು ಎಲೆ ಹಿಡಿದಿತ್ತು, ಎಲೆಯನ್ನು ಮಣ್ಣು ಹಿಡಿದಿತ್ತು,
ಮಣ್ಣನ್ನು ನನ್ನ ಹ್ಞೂ ಹಿಡಿದಿತ್ತು.

ಗಡ್ಡೆ ಕರಗಿತು. ನೀರು ಜಂತಿಯ ಸಂದಿ ಹುಡುಕಿತು.
ದೀಪ ಹಚ್ಚುವ ಹೊತ್ತಿಗೆ ನಡುಗೋಡೆ
ಮೊಣಕಾಲೂರಿ, ದಣಿದ ಮುದುಕಿಯ ಹಾಗೆ,
ಕೂತುಬಿಟ್ಟಿತು.

ಗೋಡೆಯಾಚೆ ಅಮರಮ್ಮ.
ಒಂಬತ್ತು ವರ್ಷದಿಂದ ಮಾತಿಲ್ಲ,
ಅದೂ ದೋಣಿಯದೇ ಜಗಳ:
ನನ್ನ ನೀರು ಅವಳ ಕಟ್ಟೆಗೆ ಸಿಡಿಯುತ್ತದೆಂದು.
ಧೂಳು ಇಳಿದ ಮೇಲೆ ನೋಡಿದೆ,
ಹಂಚಿನ ಮೇಲೆ ರೊಟ್ಟಿ, ಅವಳ ಹಿಟ್ಟಿನ ಕೈ
ಎತ್ತಿದ್ದು ಎತ್ತಿದ ಹಾಗೇ ಇದೆ.
ಏನನ್ನಬೇಕೋ ತಿಳಿಯದೆ
"ರೊಟ್ಟಿ ಹೊತ್ತಾಕತ್ತದ" ಅಂದೆ.
ಅವಳು ರೊಟ್ಟಿ ಮಗುಚಿದಳು. ಆಮೇಲೆ ಎದ್ದು
ಜೋಳ ಕೇರುವ ಮೊರ ತಂದಳು.
ಇಬ್ಬರೂ ಏರಿ, ಕತ್ತಲಲ್ಲಿ,
ಆಲಿಕಲ್ಲು ಗೋರಿ ಗೋರಿ ಬೀದಿಗೆ ಚೆಲ್ಲಿದೆವು.
ಮುದಗಲ್ಲಿನ ಚೈತ್ರದಲ್ಲಿ ಬೆರಳು ಮರಗಟ್ಟಿದವು!
ಆಡಿದ ಮಾತು ಎರಡೇ: "ಈ ಕಡೆ." "ಇನ್ನೊಂಚೂರು."

ಗೋಡೆ ಮತ್ತೆ ಕಟ್ಟಿಸಿದೆವು. ಕಟ್ಟಿಸದೆ ಇರಲಾದೀತೇ,
ಅವಳ ಒಲೆ ಅವಳದು, ನನ್ನದು ನನ್ನದು.
ಮೌಲಾಸಾಬ ಎಣ್ಣೆ ಡಬ್ಬಿ ಸೀಳಿ
ನನ್ನ ದೋಣಿಗೆ ಒಂದು ಮೊಳ ಮೂತಿ ಬೆಸೆದುಕೊಟ್ಟ.
ನೀರು ಈಗ ಅವಳ ಕಟ್ಟೆ ದಾಟಿ ಬೀಳುತ್ತದೆ,
ಬಹುತೇಕ.
ಜಗಳ ಪೂರ್ತಿ ಹೋಗಿಲ್ಲ. ಸಿಡಿಯುವಷ್ಟು ಉಳಿದಿದೆ.

ಇವತ್ತು ನನ್ನದು ಬಳಿದಾಯಿತು.
ಕುಂಬಿ ದಾಟಿ ಅವಳದಕ್ಕೂ ಕೈ ಹಾಕಿದೆ;
ಅವಳ ಮೊಣಕಾಲು ಏಣಿಯನ್ನು ಒಲ್ಲೆನ್ನುತ್ತದೆ.
ಒಂದು ಕೊಡ ನೀರು ಹೊಯ್ದು ಕೂಗಿದೆ:
"ಬಂತೇನ್ಬೇ?"
ಕೆಳಗಿಂದ: "ಇಲ್ಲ."
ಕುರ್ಪಿ ಇನ್ನೊಂದು ಗೇಣು ಒಳಗೆ.
ಏನೋ ಸಡಿಲಿತು.
"ಈಗ?"
ಉತ್ತರವಿಲ್ಲ.
ಬಗ್ಗಿ ನೋಡಿದರೆ
ದೋಣಿಯ ನೇರ ಕೆಳಗೇ ನಿಂತುಬಿಟ್ಟಿದ್ದಾಳೆ,
ತಲೆ ಮಣ್ಣು, ಸೆರಗು ಮಣ್ಣು,
ಒಂಬತ್ತು ವರ್ಷದ ಎಲೆ ಹೆಗಲ ಮೇಲೆ,
ಬೈಯುತ್ತಿದ್ದಾಳೆ, ಬಾಯಿ ತುಂಬ,
ಓಣಿಯ ಅಷ್ಟೂ ಮನೆಗೆ ಕೇಳುವಂತೆ.

ಬಂತು.